ಶಟರಿನಾಚೆಯ ಇಳಿಜಾರು

ನಾನು ಹಟ್ಟಿಕೇರಿಯ ಗದ್ದೆ ಮನೆಯವಳು. ಸಮುದ್ರ ನೋಡಿ ಗೊತ್ತು, ದೋಣಿಯವರ ದಿನಚರಿ ಗೊತ್ತಿರಲಿಲ್ಲ. ಬೈತಖೋಲ ಬಂದರಿನ ಮೀನು ಶೆಡ್ಡೊಂದರಲ್ಲಿ ಸುರಕ್ಷತೆಯ ಮೇಲ್ವಿಚಾರಕಿಯಾಗಿ ಸೇರಿದ್ದು ಜೂನ್ ಕೊನೆಗೆ. ವಾರಕ್ಕೊಮ್ಮೆ ಕೆಲಸದ ಜಾಗವನ್ನೆಲ್ಲ ಸುತ್ತಿ, ಮೊಬೈಲು ಕೇಳುವ ಪ್ರಶ್ನೆಗಳಿಗೆ ಹೌದು, ಇಲ್ಲ ಎಂದು ಒತ್ತಬೇಕು. ಹೌದಾದರೆ ಹಸಿರು, ಇಲ್ಲವಾದರೆ ಕೆಂಪು. ಅದಕ್ಕೂ ಮೊದಲು ಹೊಸ ಸಾಫ್ಟ್‌ವೇರಿನಲ್ಲಿ ತಪಾಸಣೆಯ ವ್ಯಾಪ್ತಿ ತುಂಬಬೇಕಿತ್ತು. ಯಾವ ಜಾಗ, ಯಾವ ಹೊತ್ತು, ಯಾರು ಹೊಣೆ.

ಬೆಳಿಗ್ಗೆ ಹತ್ತಕ್ಕೆ ಕೊಡೆ ಹಿಡಿದು ಸುತ್ತಿದೆ. ಕತ್ತರಿಸುವ ಕೋಣೆ, ಐಸ್ ಕೋಣೆ, ಗೋದಾಮು. ಶಟರಿನಾಚೆ, ದೋಣಿ ನಿಲ್ಲುವ ಧಕ್ಕೆಗೆ ಇಳಿಯುವ ಇಳಿಜಾರಿನಲ್ಲಿ ನರಪಿಳ್ಳೆಯೂ ಇರಲಿಲ್ಲ. ಮಳೆಗಾಲದ ನಿಷೇಧಕ್ಕೆ ಟ್ರಾಲರುಗಳನ್ನು ಕಟ್ಟಿಹಾಕಿದ್ದಾರೆ, ಅದಕ್ಕೇ ಖಾಲಿ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ತಪಾಸಣೆಯ ವ್ಯಾಪ್ತಿಗೆ ಶಟರಿನಲ್ಲೇ ಗೆರೆ ಎಳೆದುಬಿಟ್ಟೆ. ಮೇ ತಿಂಗಳಲ್ಲಿ ಗದ್ದೆ ನೋಡಿ ಇಲ್ಲಿ ಕೆಸರೇ ಇಲ್ಲ ಎಂದು ಬರೆದ ಹಾಗೆ.

ಆಗಸ್ಟಿನಲ್ಲಿ ದೋಣಿಗಳು ಹೊರಟವು. ನಸುಕಿಗೇ ಹೆಂಗಸರು ಮೀನಿನ ಬುಟ್ಟಿ ಹೊತ್ತು ಅದೇ ಇಳಿಜಾರು ಹತ್ತತೊಡಗಿದರು. ನಾನು ಬರುವಷ್ಟರಲ್ಲಿ ಅವರು ಮನೆ ಸೇರಿರುತ್ತಿದ್ದರು. ಒಬ್ಬಾಕೆ ಪಾಚಿಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಳು. ಆ ವಾರವೂ ನನ್ನ ತಪಾಸಣೆ ಪೂರ್ತಿ ಹಸಿರು. ಮ್ಯಾನೇಜರ್ ಶಾಬಾಸ್ ಅಂದರು.

ಅವಳು ಪ್ಲಾಸ್ಟರ್ ಕೈಯಲ್ಲೇ ಬಂದು ಕೇಳಿದಳು, "ಬಾಯಿ, ನಾ ಬಿದ್ದದ್ದು ನಿಮ್ಮ ಮೊಬೈಲಲ್ಲಿ ಬಂತಾ?"

ಬಂದಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ನನ್ನ ಮೇಲೆಯೇ. ಸಿಟ್ಟು ಆರುವ ಮೊದಲೇ, ಇಳಿಜಾರನ್ನೂ ತಪಾಸಣೆಗೆ ಸೇರಿಸೋಣ ಎಂದು ಮ್ಯಾನೇಜರ್ ಹತ್ತಿರ ಹೋದೆ.

"ಅದು ನಮ್ಮ ವ್ಯಾಪ್ತಿಗೆ ಬರೂದಿಲ್ಲ. ಇಲ್ಲದ ಉಸಾಬರಿ ನಿಮಗೆಂತಕ್ಕೆ?" ಎಂದರು.

"ಬುಟ್ಟಿ ನಮ್ದು, ಮೀನು ನಮ್ದು. ಬಿದ್ದವಳು ಮಾತ್ರ ನಮ್ಮವಳಲ್ವಾ?"

"ಹೊಣೆಗಾರರಿಲ್ದೆ ಸಾಫ್ಟ್‌ವೇರಲ್ಲಿ ಜಾಗ ಸೇರೂದಿಲ್ಲ. ಕೆಂಪು ಬಂದ್ರೆ ಅವ್ರ ತಲೆ ಮೇಲೆ. ಯಾರ ಹೆಸ್ರು ಹಾಕ್ತ್ರಿ?"

"ನಂದೇ ಹಾಕ್ತೆ."

ಹಾಕಿದೆ. ಹೊತ್ತನ್ನೂ ಬದಲಿಸಿದೆ, ಹತ್ತರ ಬದಲು ಐದೂವರೆ. ಆ ಶನಿವಾರ ಮೊದಲ ಬಸ್ಸಿಗೂ ಕಾಯದೆ ಸ್ಕೂಟರ್ ಹತ್ತಿ ಬಂದೆ. ನೆಲ ಜಾರದಂತಿದೆಯೇ? ಇಲ್ಲ. ಹಿಡಿಯಲು ಕಂಬಿ? ಇಲ್ಲ. ಸಾಕಷ್ಟು ಬೆಳಕು? ಇಲ್ಲ. ಒಂದಾದ ಮೇಲೊಂದು ಕೆಂಪು ಬಂತು, ನನಗೆ ಹಬ್ಬವಾಯಿತು. ಮೂರು ದಿನ ಕೆಂಪು ಉಳಿದರೆ ಸುದ್ದಿ ತಾನಾಗಿ ಮಾಲೀಕರ ಫೋನಿಗೆ ಹೋಗುತ್ತದೆ. ಆ ವ್ಯವಸ್ಥೆ ಮಾಡಿದವರು ಮ್ಯಾನೇಜರೇ. ನಾನು ಮೂರು ದಿನ ಬಾಯಿ ಬಿಗಿಹಿಡಿದು ಕೂತೆ.

ನಾಲ್ಕನೇ ದಿನ ಮಾಲೀಕರೇ ಬಂದು ಇಳಿಜಾರಿನಲ್ಲಿ ನಿಂತರು. ಹದಿನೈದು ದಿನದೊಳಗೆ ಪಾಚಿ ಕೆರೆದು, ಗೀರು ಹಾಕಿದ ಕಾಂಕ್ರೀಟ್ ಬಿತ್ತು, ಕಂಬಿ ಬಂತು. ತಲೆಹೊರೆ ತಪ್ಪಿಸಲು ಕೈಗಾಡಿಯೂ ಬಂತು. ದೀಪವೊಂದು ಬಾಕಿ ಉಳಿಯಿತು, ಮಾಲೀಕರು ಕೇಳಿದಾಗೆಲ್ಲ ಮ್ಯಾನೇಜರ್ ನಾಳೆ ಎಂದು ತಳ್ಳುತ್ತ ಬಂದರು.

ಬಿದ್ದವಳು ದೀಪಾವಳಿ ಕಳೆದು ಕೆಲಸಕ್ಕೆ ಮರಳಿದಳು. ಶನಿವಾರ ಸುತ್ತುವಾಗ ಅವಳನ್ನೇ ಮುಂದೆ ಬಿಟ್ಟೆ. ಗೀರುಗಳ ಮೇಲೆ ಅಂಗಾಲು ಉಜ್ಜಿ ನೋಡಿದಳು, ಕಂಬಿ ಅಲ್ಲಾಡಿಸಿದಳು. ಮ್ಯಾನೇಜರ್ ಶಟರಿನ ಹತ್ತಿರ ಕೈಕಟ್ಟಿ ನಿಂತಿದ್ದರು. ಬೆಳಕಿನ ಪ್ರಶ್ನೆ ಬಂದಾಗ ಅವಳು ಅವರ ಕಡೆ ತಿರುಗಿಯೂ ನೋಡದೆ ಹೇಳಿದಳು, "ಇಲ್ಲ ಅಂತ ಒತ್ತಿ, ಬಾಯಿ."

ಒತ್ತಿದೆ. ಈ ಸಲ ಮೂರು ದಿನ ಕಾಯಬೇಕಾಗಲಿಲ್ಲ. ಸಂಜೆಯೊಳಗೆ ಮ್ಯಾನೇಜರೇ ಏಣಿ ಹಿಡಿದು ನಿಂತು ದೀಪ ಹಾಕಿಸಿದರು.