ಸಾಕು ಅಂದರೆ ಸಾಕು

ನನಗೆ ನೋವು ಇಷ್ಟ. ನಾನೇ ಕೇಳಿ ಹಾಕಿಸಿಕೊಳ್ಳುವ ಏಟು ಇಷ್ಟ. ಮೊದಲ ಸಾಲಿನಲ್ಲೇ ಹೇಳಿಬಿಟ್ಟಿದ್ದೇನೆ, ಮುಖ ಸಿಂಡರಿಸುವವರು ಈಗಲೇ ಸಿಂಡರಿಸಿಕೊಳ್ಳಲಿ. ನನಗೆ ಹುಚ್ಚು ಹಿಡಿದಿಲ್ಲ, ದೆವ್ವ ಮೆಟ್ಟಿಲ್ಲ. ನಲವತ್ತೆರಡು ವರ್ಷದ ಹೆಂಗಸು, ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿಕೊಂಡು, ಮದುವೆ ಬೇಡವೆಂದು ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ.

ಇಪ್ಪತ್ತು ವರ್ಷದಿಂದ ಬಿಸಿನೀರಿನ ತೊಟ್ಟಿಗೆ ಕೈ ಹಾಕಿ ಗೂಡಿನ ಎಳೆ ಹುಡುಕುತ್ತಿದ್ದೇನೆ. ಬೆರಳ ತುದಿಗಳು ಬೆಂದು ಬಿಳಿಚಿಕೊಂಡಿವೆ. ಆ ನೋವಿನ ಬಗ್ಗೆ ಇವತ್ತಿನವರೆಗೂ ಒಂದು ನರಪಿಳ್ಳೆಯೂ ಕೇಳಿಲ್ಲ. ದೇವರ ಹೆಸರಿನಲ್ಲಿ ಕೆಂಡ ತುಳಿದವರಿಗೆ ಹಾರ ಹಾಕುತ್ತಾರೆ. ತಿಂಗಳಿಗೊಮ್ಮೆ ಬಾಗಿಲು ಹಾಕಿಕೊಂಡು, ನನ್ನ ಮೈ, ನನ್ನ ಇಷ್ಟ ಅಂದರೆ ಮಾತ್ರ ಲೋಕ ಮುಳುಗಿಹೋಗುತ್ತದಂತೆ. ಮುಳುಗಲಿ ಬಿಡಿ.

ಬಹಳ ಕಾಲ ಇಂಥವಳು ನಾನೊಬ್ಬಳೇ ಅಂದುಕೊಂಡಿದ್ದೆ. ಆಮೇಲೆ ಮೊಬೈಲಿನಲ್ಲಿ ತಡಕಾಡಿ, ಇಂಥದೇ ಮನಸ್ಸಿನವರು ಬೆಂಗಳೂರಿನಲ್ಲಿ ಕಾಫಿಗೆ ಸೇರುತ್ತಾರೆಂದು ತಿಳಿದು ಹೋದೆ. ಒಳ್ಳೆಯವರೇ, ಆದರೆ ಎಲ್ಲವೂ ಇಂಗ್ಲಿಷು. ನನ್ನ ಅರ್ಧಂಬರ್ಧ ಇಂಗ್ಲಿಷಿನಲ್ಲಿ ನನ್ನೊಳಗಿನ ಆಸೆ ಹೇಳಲು ಹೋಗಿ ಪರವೂರಿನಲ್ಲಿ ದಾರಿ ಕೇಳಿದಂತಾಯಿತು. ಎದ್ದು ಬರುವಾಗ ಮೂಲೆಯಲ್ಲಿ ಕೂತಿದ್ದವನೊಬ್ಬ, ನೀವು ನಮ್ಮ ಕಡೆಯೋರಾ ಅಂತ ಮೆಲ್ಲಗೆ ಕೇಳಿದ. ಕನಕಪುರದವನು, ಮೋಟಾರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ನನಗೆ ಅಳುವೇ ಬಂತು.

ಅವನಿಂದ ಉಳಿದವರ ಪರಿಚಯವಾಯಿತು. ಚನ್ನಪಟ್ಟಣದಲ್ಲಿ ಮರದ ಬೊಂಬೆ ಕಡೆಯುವ ಗಂಡ ಹೆಂಡತಿ, ಮಾಗಡಿಯಿಂದ ಬಸ್ಸಿನಲ್ಲಿ ಬರುವ ಬಟ್ಟೆ ಹೊಲಿಯುವಾಕೆ, ಇನ್ನಿಬ್ಬರು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಹೋಟೆಲಿನಲ್ಲಿ ಸೇರಿ ತಟ್ಟೆ ಇಡ್ಲಿ ತಿನ್ನುತ್ತ ಬರೀ ಮಾತಾಡುತ್ತೇವೆ. ನೋಡಿದವರು ಹೆಣ್ಣು ಗಂಡಿನ ಮಾತುಕತೆಗೆ ಕೂತ ನೆಂಟರು ಅಂದುಕೊಳ್ಳಬೇಕು. ಯಾರಿಗೆ ಏನು ಬೇಕು, ಏನು ಬೇಡವೇ ಬೇಡ, ಎಲ್ಲ ಅಲ್ಲೇ ಬಿಚ್ಚಿ ಹೇಳಬೇಕು.

ನಿಲ್ಲಿಸು ಅನ್ನುವುದಕ್ಕೆ ಒಂದು ಮಾತು ಗೊತ್ತುಮಾಡಿಕೊಳ್ಳುವುದು ನಮ್ಮಂಥವರ ಕಟ್ಟುಪಾಡು. ಆ ಮಾತು ಬಾಯಿಂದ ಬಂದರೆ ಅರೆಕ್ಷಣ ತಡವಿಲ್ಲದೆ ಕೈ ನಿಲ್ಲಬೇಕು. 'ಸಾಕು' ಅಂತ ಇಟ್ಟುಕೊಳ್ಳೋಣ ಎಂದಳು ಚನ್ನಪಟ್ಟಣದಾಕೆ. ಎಲ್ಲರೂ ನಕ್ಕುಬಿಟ್ಟೆವು. ನಮ್ಮ ಸೀಮೆಯಲ್ಲಿ ಊಟಕ್ಕೆ ಕೂತವರು ಸಾಕು ಅಂದರೆ ಯಾರು ನಿಲ್ಲಿಸಿದ್ದಾರೆ? ತಟ್ಟೆಗೆ ಕೈ ಅಡ್ಡ ಹಿಡಿದರೂ ಬೆರಳಿನ ಮೇಲೇ ಇನ್ನೊಂದು ಮುದ್ದೆ ಬೀಳುತ್ತದೆ. ಕೊನೆಗೆ 'ಕರೆಂಟ್ ಹೋಯ್ತು' ಅಂತ ಗೊತ್ತುಮಾಡಿದೆವು. ನಮ್ಮೆಲ್ಲರ ಕೆಲಸವೂ ಕರೆಂಟಿನದೇ. ಅದು ಹೋದರೆ ಕೈ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ.

ಇಷ್ಟೆಲ್ಲ ಮಾತಾಡಿಕೊಂಡು, ಮೊದಲ ಸಲವೇ ನಾನು ತಪ್ಪು ಮಾಡಿದೆ. ಕನಕಪುರದವನು ನನ್ನ ಮನೆಗೆ ಬಂದಿದ್ದ, ಬೆನ್ನಿಗೆ ಬೆಲ್ಟಿನ ಏಟು ಎಂದು ಮಾತಾಗಿತ್ತು. ಸ್ವಲ್ಪ ಹೊತ್ತು, ನಾನು ಬಯಸಿದ್ದೇ ಸಿಕ್ಕಿತು. ಮೈ ಹಗುರವಾಯಿತು, ತಲೆಯೊಳಗಿನ ಗದ್ದಲ ನಿಂತಿತು. ಆಮೇಲೆ ನೋವು ಮಿತಿಮೀರಿತು. ಆದರೂ ಬಾಯಿ ಬಿಡಲಿಲ್ಲ. ಬಿಸಿ ಎಂದು ತೊಟ್ಟಿಯಿಂದ ಕೈ ತೆಗೆದವಳನ್ನು ಆಡಿಕೊಂಡು ನಗುವ ಕಡೆ ಕೆಲಸ ಕಲಿತವಳು ನಾನು. ತಡೆದುಕೊಳ್ಳುವುದೇ ದೊಡ್ಡಸ್ತಿಕೆ ಅಂದುಕೊಂಡು ದಿಂಬು ಕಚ್ಚಿಕೊಂಡೆ. ಅವನೇ ನನ್ನ ಉಸಿರು ಕೇಳಿ ಬೆಲ್ಟು ಬಿಸಾಡಿ, ನೀರು ತಂದುಕೊಟ್ಟ. ನಾನು ಸುಧಾರಿಸಿಕೊಂಡ ಮೇಲೆ ಅವನಿಗೆ ಸಿಟ್ಟು ಬಂತು.

"ನೀವು ಬಾಯ್ಬುಡ್ನಿಲ್ಲ ಅಂದ್ರೆ ನಾನೇನಾಗ್ಬುಡ್ತೀನಿ, ಒಸಿನಾದ್ರೂ ಯೋಚ್ನೆ ಮಾಡುದ್ರಾ?" ಅಂದ. ನನಗೆ ನಾಚಿಕೆಯಾಯಿತು.

ಬಾಸುಂಡೆ ಮಾಯುವ ಮೊದಲೇ ಅಕ್ಕೂರಿನಿಂದ ಅಕ್ಕ ಫೋನ್ ಮಾಡಿದಳು. ಅವಳ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟಲು ಬಿಡುವ ಹೊತ್ತು, ಕೈ ಸಾಲದು. ಹೋಗಿ ಎರಡು ದಿನ ದುಡಿದೆ. ಕೆಲಸ ಮುಗಿದ ಬೆಳಿಗ್ಗೆ, ಯಾವಾಗಿನಂತೆ, ಬೆನ್ನಿಗೆ ಎಣ್ಣೆ ತಿಕ್ಕಿ ನೀರು ಹುಯ್ಯುತ್ತೇನೆಂದು ಬಚ್ಚಲಿಗೆ ಎಳೆದುಕೊಂಡು ಹೋದಳು. ಬೇಡ ಅಂದೆ. ಅಕ್ಕ ಯಾವತ್ತು ಕೇಳಿದ್ದಾಳೆ? ರವಿಕೆ ಎತ್ತಿದವಳ ಕೈಯಿಂದ ಎಣ್ಣೆ ಬಟ್ಟಲು ಬಿತ್ತು.

"ಯಾವನಮ್ಮಿ ಅವ್ನು?" ಅಂದಳು. ಅಂದವಳೇ ಫೋನ್ ಕೈಗೆತ್ತಿಕೊಂಡಳು, ತಿಪ್ಪಸಂದ್ರದ ಅಣ್ಣನನ್ನು ಕರೆಯಲು.

ಯಾವ ಅಣ್ಣ ಗೊತ್ತೇ? ಅಕ್ಕನ ಗಂಡ, ನಮ್ಮ ಭಾವ, ಬದುಕಿದ್ದಾಗ ಹನ್ನೊಂದು ವರ್ಷ ಅವಳನ್ನು ಹೊಡೆದ. ಎರಡು ಸಲ ಅವಳು ತವರಿಗೆ ಓಡಿ ಬಂದಳು. ಎರಡು ಸಲವೂ, ತಡ್ಕೊ, ಸರಿಹೋಗ್ತದೆ ಅಂತ ವಾಪಸು ಬಸ್ಸು ಹತ್ತಿಸಿದವನು ಅದೇ ಅಣ್ಣ. ತಂಗಿಯ ಬೆನ್ನಿಗಾಗಿ ಈಗ ಮಚ್ಚು ಹಿಡಿದು ಬಂದೇ ಬರುತ್ತಾನೆ. ಮರ್ಯಾದೆಯ ಪ್ರಶ್ನೆ ನೋಡಿ. ಕನಕಪುರದವನ ಮೂಳೆ ಉಳಿಯುವುದಿಲ್ಲ.

ಬಚ್ಚಲಲ್ಲಿ ಜಾರಿಬಿದ್ದೆ ಅನ್ನುವ ಸುಳ್ಳು ನಾಲಿಗೆ ತುದಿಯಲ್ಲಿತ್ತು. ಜಾರಿಬಿದ್ದೆ ಅಂತ ಅಕ್ಕನೇ ಹನ್ನೊಂದು ವರ್ಷ ಊರಿಗೆಲ್ಲ ಹೇಳಿದ್ದಳು. ಅದನ್ನೇ ನಾನೂ ಹೇಳಿದರೆ ಕನಕಪುರದವನನ್ನೂ ಭಾವನನ್ನೂ ಒಂದೇ ಹಗ್ಗಕ್ಕೆ ಕಟ್ಟಿದಂತೆ. ಹೇಳಲಿಲ್ಲ. ಫೋನ್ ಹಿಡಿದ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಇದ್ದದ್ದನ್ನು ಇದ್ದಂತೆ ಹೇಳಿದೆ. ನಾನೇ ಕೇಳಿದ್ದು, ನನಗೆ ಇಷ್ಟ, ನಾಳೆಯೂ ಕೇಳುತ್ತೇನೆ. ನಿಲ್ಲಿಸಲು ನಮ್ಮಲ್ಲಿ ಒಂದು ಮಾತಿದೆ ಅಂತಲೂ ಹೇಳಿದೆ.

ಅಕ್ಕ ಕೈ ಬಿಡಿಸಿಕೊಂಡಳು. "ನೀನು ಆ ಮಾತು ಅಂದೇಟ್ಗೆ ನಿಲ್ಲುಸುದ್ನಾ?" ಅಂದಳು.

"ನಾನು ಅನ್ನಲೇ ಇಲ್ಲ ಕಣಕ್ಕ. ಅವ್ನೇ ನೋಡಿ ನಿಲ್ಲುಸ್ದ."

ಅವಳು ಬಚ್ಚಲ ಕಲ್ಲಿನ ಮೇಲೆ ಕೂತಳು. ಫೋನು ಮಡಿಲಲ್ಲಿತ್ತು. "ನಾನು ಕಾಲ್ ಹಿಡ್ಕೊಂಡು ಸಾಕು ಅಂತಿದ್ದೆ," ಅಂದಳು. "ದಿನಾ ಅಂತಿದ್ದೆ."

ಆಮೇಲೆ ಎದ್ದು, ಇನ್ನಷ್ಟು ಎಣ್ಣೆ ತಂದು, ಬಾಸುಂಡೆಗಳನ್ನು ಬಿಟ್ಟು ಸುತ್ತ ಹಚ್ಚಿದಳು. ನಿನ್ನ ಈ ಹುಚ್ಚಾಟ ನನಗೆ ಹಿಡಿಸುವುದಿಲ್ಲ ಅಂತ ಬೈದಳು. ಹಿಡಿಸದಿದ್ದರೆ ಬೇಡ, ಅಣ್ಣನಿಗೆ ಮಾತ್ರ ಹೇಳಬೇಡ ಅಂದೆ. ಅವಳು ಚೊಂಬು ಎತ್ತಿ ನೀರು ಹುಯ್ಯತೊಡಗಿದಳು.

ಮಧ್ಯಾಹ್ನ ಊಟಕ್ಕೆ ಕೂತೆ. ಎರಡನೇ ಮುದ್ದೆ ಹಿಡಿದು ಬಂದಳು. ಕೇಳುತ್ತಾಳೆಂಬ ನಂಬಿಕೆಯೇನೂ ಇಲ್ಲದೆ, ತಟ್ಟೆಗೆ ಕೈ ಅಡ್ಡ ಇಟ್ಟು, ಸಾಕಕ್ಕ ಅಂದೆ.

ಅಕ್ಕನ ಕೈ ಅಲ್ಲೇ ನಿಂತಿತು. ನಲವತ್ತೆರಡು ವರ್ಷದಲ್ಲಿ ಮೊದಲ ಸಲ, ಅವಳು ಮುದ್ದೆಯನ್ನು ವಾಪಸು ಪಾತ್ರೆಗೆ ಹಾಕಿದಳು.