ಮರಳುಗಲ್ಲು ಮುಗಿಯುವ ಆಳ

೧೯೯೪ರಲ್ಲಿ, ಏಳನೆಯ ಇಯತ್ತೆಯ ಪರೀಕ್ಷೆಗೆ ಕೂರದೆ ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಹಿಟ್ನಾಳದ ಹತ್ತಿರ ಬೋರು ಕೊರೆಯುವ ಗಾಡಿ ಬಂದು ನಿಂತಿತ್ತು. ಅದರ ಹಿಂದೆ ಹೋದವನು ತಿರುಗಿ ಶಾಲೆಯ ಕಡೆ ನೋಡಲಿಲ್ಲ. ದುಡಿದು ದುಡಿದು ಅಂಥದ್ದೇ ಒಂದು ಗಾಡಿಯನ್ನು ಸ್ವಂತಕ್ಕೆ ಮಾಡಿಕೊಂಡೆ. ನೆಲದೊಳಗಿನದನ್ನು ಓದಲು ಪುಸ್ತಕ ಬೇಕಿಲ್ಲ ಎಂದು ಎಷ್ಟೋ ಜನರ ಮುಂದೆ ಹೇಳಿದ್ದೇನೆ.

ನಮ್ಮ ಓದು ಹೀಗೆ. ಕೊರೆಯುವ ಇಪ್ಪತ್ತಡಿಯ ಒಂದೊಂದು ರಾಡು ಇಳಿದಾಗಲೂ ಗಾಳಿಯ ಒತ್ತಡಕ್ಕೆ ಮೇಲೆ ಬರುವ ಕಲ್ಲಿನ ಚೂರನ್ನು ಬೊಗಸೆಯಲ್ಲಿ ಹಿಡಿದು, ನೆಲದ ಮೇಲೆ ಸಾಲಾಗಿ ಗುಂಪಿ ಹಾಕುತ್ತೇವೆ. ಕೊಪ್ಪಳದ ಸುತ್ತಮುತ್ತ ಗುಂಪಿಗಳೆಲ್ಲ ಗ್ರಾನೈಟ್. ಕುಷ್ಟಗಿ ದಾಟಿ ಹನುಮಸಾಗರದ ಗುಡ್ಡಗಳ ಕಡೆ ಹೋದರೆ ಮೇಲೆ ಕೆಂಪು ಮರಳುಗಲ್ಲು, ಅದರ ಕೆಳಗೆ ಗ್ರಾನೈಟ್. ಅಲ್ಲಿ ಗುಂಪಿಯಲ್ಲಿ ಗ್ರಾನೈಟಿನ ಕಾಗೆಬಂಗಾರ ಹೊಳೆಯಿತೆಂದರೆ ಮರಳುಗಲ್ಲು ಮುಗಿಯಿತು, ಇನ್ನು ನೀರಿನ ಆಸೆ ಬಿಟ್ಟು ರಾಡು ಎಳೆಯಬೇಕು ಎಂಬುದು ನಮ್ಮ ಕಸುಬಿನವರ ರೂಢಿ. ನಾನೂ ಎಳೆದಿದ್ದೇನೆ. ನನ್ನ ಅಕ್ಕನ ಹೊಲದಲ್ಲೂ ಎಳೆದೆ. ಅವಳನ್ನು ಕೊಟ್ಟದ್ದು ಆ ಗುಡ್ಡದ ಬುಡದ ಊರಿಗೆ. ಬೋರಿನ ಬಾಯಿಗೆ ಚಪ್ಪಡಿ ಮುಚ್ಚಿದವನೂ ನಾನೇ. ಅಂದಿನಿಂದ ಅವಳು ಪಕ್ಕದ ಹೊಲದವರು ಮೋಟಾರು ಹಾಕುವ ಹೊತ್ತು ಕಾದು ಕೊಡ ತುಂಬುತ್ತಿದ್ದಳು.

ಎರಡು ವರ್ಷದ ಕೆಳಗೆ ಆ ಕಡೆಯೇ ಒಬ್ಬ ಭೂವಿಜ್ಞಾನಿ ಮೇಡಂ ನನ್ನ ಗಾಡಿ ಕರೆಸಿದರು. ಅವರಿಗೆ ನೀರು ಬೇಕಿರಲಿಲ್ಲ. ಕೆಳಗಿನ ಹಳೆಯ ಗ್ರಾನೈಟ್ ಮುಗಿದು ಮೇಲಿನ ಹೊಸ ಮರಳುಗಲ್ಲು ಶುರುವಾದ ಗಡಿ ಎಷ್ಟು ಆಳಕ್ಕಿದೆ ಎಂದು ಬರೆದುಕೊಳ್ಳಬೇಕಿತ್ತು. ಕಾಗೆಬಂಗಾರ ಕಂಡದ್ದೇ ನಾನು ಗಾಡಿ ನಿಲ್ಲಿಸಿದೆ.

"ಕಲ್ಲು ಹತ್ತಿತ್ರಿ ಮೇಡಂ. ಇನ್ನ ಪಾತಾಳದ ತನಕ ಇದ ಐತಿ."

"ಪಾತಾಳಕ್ಕ ಹೋಗಿ ಬಂದೀರೇನ್ರಿ?"

"ಮೂವತ್ತು ವರ್ಷದಿಂದ ಅಲ್ಲೇ ಅದೀನ್ರಿ."

ಅವರು ನಕ್ಕು, ತಟ್ಟೆಯಲ್ಲಿ ಚೂರು ತೊಳೆದು, ಹೆಬ್ಬೆರಳಿನಷ್ಟು ದೊಡ್ಡದೊಂದನ್ನು ನನ್ನ ಅಂಗೈಗಿಟ್ಟರು. ನಮ್ಮ ಗಾಡಿ ಒಡೆದ ಮೂರು ಮಗ್ಗುಲು ಕೈ ಕೊಯ್ಯುವಂತಿದ್ದವು. ನಾಲ್ಕನೆಯದು ಹಳ್ಳದ ಕಲ್ಲಿನಂತೆ ನುಣ್ಣಗಿತ್ತು.

"ಇದು ತಳ ಅಲ್ರಿ, ಉಳ್ಳಾಡಿದ ಗುಂಡು," ಎಂದರು. "ಹಳೇ ಗ್ರಾನೈಟ್ ಬಿಸಿಲು ಮಳೀಗೆ ಬಯಲಾಗಿ ಬಿದ್ದಿತ್ತು. ಅದರಿಂದ ಕಿತ್ತು ಬಂದ ಗುಂಡು ನೀರಾಗ ಉಳ್ಳಾಡಿ ಇಲ್ಲಿ ನಿಂತಾವ. ಮರಳಿನ ಜೋಡಿನ ಬಂದಾವ ಅಂದಮ್ಯಾಲೆ ಇವು ಹೊಸ ಕಲ್ಲಿನ ಪಾಲು. ಹಳೇದು ಇನ್ನೂ ಕೆಳಗೈತಿ. ಎರಡು ರಾಡು ಇಳಿಸ್ರಿ. ತಪ್ಪಿದ್ರ ನಾ ನಿಮ್ಮ ಶಿಷ್ಯೆ."

"ಸಾಲಿ ಬಿಟ್ಟಾಂವ ಶಿಷ್ಯಾರನ್ನ ಇಟ್ಕೊಂಡು ಏನ ಮಾಡ್ಲಿರಿ?"

ಇಳಿಸಿದೆ. ಮೊದಲ ರಾಡಿಗೆ ಮತ್ತೆ ಕೆಂಪು ಮರಳು ಬಂತು. ಎರಡನೆಯದಕ್ಕೆ ಹಳದಿ ತಿರುಗಿದ, ಬೆರಳಲ್ಲಿ ಹಿಚುಕಿದರೆ ಪುಡಿಯಾಗುವ ಗ್ರಾನೈಟ್ ಬಂತು. ಅದರ ಜೊತೆಗೇ ನೀರು ಚಿಮ್ಮಿತು. ಮೇಡಂ ಆಳ ಬರೆದುಕೊಂಡು, ಹಳೆಯ ನೆಲದ ಮೇಲ್ಮೈ ಇದೇ, ಸವೆದು ಮೆತ್ತಗಾಗಿರುವುದರಿಂದ ನೀರು ಹಿಡಿದಿದೆ ಎಂದರು. ನಾನು ಹೂಂಗುಟ್ಟಿದೆ. ನನ್ನ ಕಣ್ಣು ಅಕ್ಕನ ಊರಿನ ಗುಡ್ಡದ ಕಡೆಗಿತ್ತು.

ಮರುದಿನ ಯಲಬುರ್ಗಾದಲ್ಲಿ ಕೆಲಸ ಒಪ್ಪಿಕೊಂಡಿದ್ದೆ. ಗಾಡಿ ನಿಲ್ಲಿಸಿ, ಜ್ಯಾಕು ಕೊಟ್ಟು, ಮೊದಲ ರಾಡು ಇಳಿಯುವಷ್ಟರಲ್ಲಿ ನಿಲ್ಲಲಾಗಲಿಲ್ಲ. ಕೆಲಸವನ್ನು ಹುಡುಗರಿಗೆ ಒಪ್ಪಿಸಿ ಬೈಕು ಹತ್ತಿದೆ.

ಅಕ್ಕನ ಬೋರಿನ ಪಕ್ಕದ ಗುಂಪಿಗಳು ಮಳೆಗೆ ಅರ್ಧ ಮಣ್ಣಾಗಿದ್ದವು. ಕಡೆಯ ಗುಂಪಿಯನ್ನು ಕೆದರಿ, ಅವಳ ತಂಬಿಗೆಯ ನೀರಲ್ಲಿ ತೊಳೆದು, ಒಂದೊಂದೇ ಚೂರನ್ನು ಮುಟ್ಟಿ ನೋಡುತ್ತ ಕುಳಿತೆ. ಅಕ್ಕ ಬಂದು ನಿಂತಳು.

"ಏನೋ ತಮ್ಮಾ, ಅಕ್ಕಿ ಆರಿಸಿದಂಗ ಆರಸಾಕತ್ತಿ?"

"ತಪ್ಪು ಹುಡಕಾಕತ್ತೀನಿ."

"ಯಾರದು?"

"ನಂದ."

ಅವಳು ಸೆರಗು ಸಿಕ್ಕಿಸಿಕೊಂಡು ಎದುರಿಗೆ ಕುಳಿತಳು. "ಹಂಗಾರ ಛಲೋತಂಗ ಹುಡುಕು. ನೀ ತಪ್ಪಿದ್ದು ನೋಡಬೇಕು ಅಂತ ನೀ ಹುಟ್ಟಿದಾಗಿಂದ ಆಸೆ ಐತಿ."

ನುಣ್ಣನೆಯ ಮಗ್ಗುಲಿನ ಚೂರು ಎರಡು ಸಿಕ್ಕವು. ಅವಳ ಕೈಗೆ ಕೊಟ್ಟು, ಮೇಡಂ ಹೇಳಿದ್ದನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ. "ಏಳು ವರ್ಷ ಆತು," ಎಂದಷ್ಟೇ ಅಂದು ಎದ್ದು ಹೋದಳು.

ಆ ವಾರವೇ ಗಾಡಿ ತಂದು ಅದೇ ಬಾಯಿಯಲ್ಲಿ ರಾಡು ಇಳಿಸಿದೆ. ಮೂರನೆಯ ರಾಡಿಗೆ ಹಳದಿ ಪುಡಿ, ಎರಡಿಂಚು ನೀರು. ಅಕ್ಕ ಮುಖ ತೊಳೆದುಕೊಂಡಳು, ಗಾಡಿಯವರಿಗೆಲ್ಲ ಚಹಾ ಕೊಟ್ಟಳು. ನನಗೆ ಕುಡಿಯಲಾಗಲಿಲ್ಲ. ತಪ್ಪಿದ್ದಕ್ಕಿಂತ, ತಪ್ಪುವಾಗ ನನ್ನ ದನಿ ಎಷ್ಟು ಗಟ್ಟಿಯಿತ್ತು ಎಂಬುದೇ ಕಿವಿಯಲ್ಲಿತ್ತು. ಆ ದನಿಯನ್ನು ನಂಬಿದವರು ಅವಳೊಬ್ಬಳೇ ಅಲ್ಲ.

ಆಮೇಲೆ ಕೆಲಸವಿಲ್ಲದ ದಿನ ಮನೆಯಲ್ಲಿ ಕೂರುವುದು ನಿಂತಿತು. ನಾನು ಮುಚ್ಚಿಸಿದ ಬೋರುಗಳನ್ನು ಹುಡುಕಿಕೊಂಡು ಹೋಗುತ್ತೇನೆ. ಕೆಲವು ಕಡೆ ಗುಂಪಿಯೇ ಉಳಿದಿಲ್ಲ. ಒಂದು ಕಡೆ ಹೊಲದವರು, "ಮತ್ಯಾಕ ಬಂದ್ರಿ?" ಎಂದು ಚಪ್ಪಡಿಯ ಮೇಲಿಂದ ಏಳಲೇ ಇಲ್ಲ. ಕೆಲವು ಕಡೆ ಕೆಳಗಿರುವುದು ನಿಜವಾಗಿಯೂ ಗಟ್ಟಿ ಗ್ರಾನೈಟ್. ನಾಲ್ಕು ರಾಡು ಇಳಿಸಿದರೂ ಬಿಳಿ ಪುಡಿಯೇ ಬರುತ್ತದೆ. ಹಾಗೆ ನಾನು ಸರಿಯಾಗಿದ್ದ ಕಡೆಯೂ ಮನಸ್ಸು ಹಗುರಾಗುವುದಿಲ್ಲ.

ನೆನಪಿರುವಷ್ಟು, ಆ ಕಡೆ ನಾನು ಕಾಗೆಬಂಗಾರ ನೋಡಿ ನಿಲ್ಲಿಸಿದ ಬೋರು ಹದಿನೇಳು. ಮತ್ತೆ ಕೊರೆದದ್ದು ಆರು. ಅಕ್ಕನದೂ ಸೇರಿ ನೀರು ಬಂದದ್ದು ಎರಡಕ್ಕೆ. ಈಗ ನನ್ನ ಹತ್ತಿರ ಗಾಡಿ ಒಂದು, ಕೆಲಸದ ಜನ ಐದು, ಇನ್ನೂ ತೆರೆದು ನೋಡಬೇಕಾದ ಬೋರು ಹನ್ನೊಂದು.