ಪೀಕಿಂಗಿಗೆ ಒಂದು ತೆಂಗಿನಕಾಯಿ

ನಾಳೆ ಚೀನಾಕ್ಕೆ ಹಡಗು ಹತ್ತುವ ಸಡಗರದಲ್ಲಿ ನನಗೆ ಹಸಿವೇ ಇರಲಿಲ್ಲ. ಆದರೂ ಗ್ರಾಂಟ್ ರೋಡಿನ ಉಡುಪಿ ಹೋಟೆಲಿಗೆ ನುಗ್ಗಿದೆ. ನೋಡಿದರೆ ಗಲ್ಲಾದ ಮೇಲೆ, ಕೃಷ್ಣನ ಪಟದ ಪಕ್ಕದಲ್ಲಿ, ಪೀಕಿಂಗಿನ ಸ್ವರ್ಗಮಂದಿರ! ನಾನು ನೋಡಹೊರಟಿದ್ದ ಆ ದುಂಡನೆಯ ನೀಲಿ ಛಾವಣಿಯ ಪಟಕ್ಕೆ ಮಲ್ಲಿಗೆ ಹಾರ, ಎದುರಿಗೆ ಊದುಬತ್ತಿ.

“ಇದು ಚೀನಾದ್ದರಿ! ನಾಳೆ ಅಲ್ಲಿಗೇ ಹೊಂಟೇನ್ರಿ!” ಎಂದು ಕೂಗಿಬಿಟ್ಟೆ.

ಮಾಲೀಕರು ಗಲ್ಲಾ ಬಿಟ್ಟು ಎದ್ದು ಬಂದರು. “ಹೌದಾ ಮಾರಾಯ್ರೆ? ಹಡಗಿನಲ್ಲಿ ಕೆಲಸ ಮಾಡುವ ಗಿರಾಕಿ ಕೊಟ್ಟ ಪಟ ಅದು. ಹೆಂಡತಿ ಹೆರಿಗೆಗೆ ಊರಿಗೆ ಹೋಗಿದ್ದಾಳೆ. ಮೊದಲಿನ ಎರಡೂ ಉಳೀಲಿಲ್ಲ. ಈ ಸಲ ಯಾವ ದೇವರನ್ನೂ ಬಿಟ್ಟಿಲ್ಲ.”

ಒಳಗಿನಿಂದ ತೆಂಗಿನಕಾಯಿ ತಂದು ನನ್ನ ಕೈಗಿಟ್ಟರು.

“ಅಲ್ಲಿ ಮೂರ್ತಿನ ಇಲ್ಲಂತರಿ. ಕಾಯಿ ಒಡೀಲಿಕ್ಕೆ ಬಿಡ್ತಾರೋ ಇಲ್ಲೋ?”

“ಬಿಡದಿದ್ರೆ ಹೊರಗೆ ಮೆಟ್ಟಿಲಲ್ಲೇ ಒಡೀರಿ. ದೇವರಿಗೆ ಶಬ್ದ ಕೇಳ್ತದೆ.”